ಮೊಣಕಾಲು ಬಾತಾಗ

ಮೊಣಕಾಲು ಬಾತಿದೆ ಎಂದವರನ್ನು ಮೊದಲು ಕೇಳಬೇಕಾದದ್ದು, ಅದು ಎಷ್ಟು ಬೇಗ ಬಾತಿತು ಎಂದು. ಬೈಕಿನಿಂದ ಬಿದ್ದು ಕಾಲು ತಿರುಚಿದ ಒಂದೆರಡು ಗಂಟೆಯಲ್ಲೇ ಊದಿಕೊಂಡರೆ ಕೀಲಿನೊಳಗೆ ರಕ್ತ ತುಂಬಿರುವ ಸಂಭವ ಹೆಚ್ಚು. ಒಳಗಿನ ಅಸ್ಥಿರಜ್ಜು ಹರಿದಿರಬಹುದು, ಮೂಳೆಯೇ ಬಿರುಕು ಬಿಟ್ಟಿರಬಹುದು. ಮಾರನೆಯ ದಿನ ನಿಧಾನವಾಗಿ ಬಾತು, ಮಡಚಿ ಬಿಡಿಸುವಾಗ ಕಾಲು ನಡುವೆ ಸಿಕ್ಕಿಕೊಂಡಂತಾದರೆ ಎರಡು ಮೂಳೆಗಳ ನಡುವಿನ ಮೃದ್ವಸ್ಥಿಯ ಮೆತ್ತೆಗೆ ಪೆಟ್ಟಾಗಿರಬಹುದು.

ಬಿದ್ದದ್ದೇ ಇಲ್ಲ, ಆದರೂ ಬಾವು ಎನ್ನುವವರೇ ಕಂಪ್ಲಿ, ಹೊಸಪೇಟೆಯ ಕಾಲುವೆ ಸೀಮೆಯಲ್ಲಿ ಹೆಚ್ಚು ಕಾಣಸಿಗುವುದು. ವರ್ಷಗಟ್ಟಲೆ ಕೆಸರಲ್ಲಿ ನಿಂತು ನೆಲ್ಲು ಹಚ್ಚಿದ, ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದ, ಹೊರೆ ಹೊತ್ತ ಹೆಂಗಸರಿವರು. ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಮೃದ್ವಸ್ಥಿ ಸವೆದಾಗ ಕೀಲಿನ ಒಳಪೊರೆ ಕೆರಳಿ ಹೆಚ್ಚು ನೀರು ಸ್ರವಿಸುತ್ತದೆ. ದುಡಿದ ದಿನ ಸಂಜೆ ಬಾವು ಏರುತ್ತದೆ. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ಬಿಗಿತ ಗಂಟೆ ಮೀರಿ ಉಳಿದು ಎರಡೂ ಕೈಬೆರಳ ಗೆಣ್ಣುಗಳು ಬಾತಿದ್ದರೆ ಅದು ಸವೆತವಲ್ಲ, ರುಮಟಾಯ್ಡ್ ಸಂಧಿವಾತದ ಗುರುತು. ಹಂಪಿಯ ಮಾತಂಗ ಬೆಟ್ಟ ಇಳಿಯುವಾಗ, ಸಂಡೂರಿನಲ್ಲಿ ಕಸೂತಿಗೆಂದು ಕಾಲು ಮಡಚಿ ಕೂತವರು ಎದ್ದು ನಿಲ್ಲುವಾಗ ಮೊಣಕಾಲ ಚಿಪ್ಪಿನ ಹಿಂದೆ ಕಾಣುವ ನೋವು ಬಹುಮಟ್ಟಿಗೆ ಚಿಪ್ಪಿನ ಮೇಲಿನ ಒತ್ತಡದ್ದು.

ಗದ್ದೆ ಕೆಲಸ ಬಿಡಿ ಎಂದುಬಿಡುವುದು ಸುಲಭ. ಕೂಲಿಯನ್ನೇ ನಂಬಿದ ಮನೆಗೆ ಅದು ಸಲಹೆಯೇ ಅಲ್ಲ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಕೀಲಿಗೆ ಆಸರೆ ಸಿಗುತ್ತದೆ. ಮಂಚದಂಚಿಗೆ ಕೂತು ಕಾಲನ್ನು ನೆಟ್ಟಗೆ ಚಾಚಿ, ಹತ್ತು ಎಣಿಸಿ ಇಳಿಸುವುದನ್ನು ಯಾರಾದರೂ ಮಾಡಬಹುದು.

2006ರ ಚಿಕೂನ್‌ಗುನ್ಯಾ ಹಾವಳಿಯಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ಜ್ವರ ಬಿಟ್ಟರೂ ಕೆಲವರ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಆದ್ದರಿಂದ ಹಿಂದೆ ಬಂದುಹೋದ ಜ್ವರವನ್ನೂ ವೈದ್ಯರಿಗೆ ಹೇಳಬೇಕು. ಕುಡಿಯುವ ನೀರನ್ನೂ ಮರೆಯುವಂತಿಲ್ಲ. ಹಳೆಯ ಬಳ್ಳಾರಿ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಅಂಥ ನೀರನ್ನು ಬಹುಕಾಲ ಕುಡಿದರೆ ಕೀಲುಗಳು ಬಿಗಿಯುತ್ತವೆ. ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಂಡರೆ ನೀರನ್ನು ಪರೀಕ್ಷೆಗೆ ಕಳಿಸಬೇಕು.

ಒಂದು ರಾತ್ರಿಯೂ ತಡ ಮಾಡಬಾರದ ಬಾವೊಂದಿದೆ. ಜ್ವರದ ಜೊತೆ ಒಂದೇ ಮೊಣಕಾಲು ಬಿಸಿಯಾಗಿ, ಕೆಂಪಗೆ ಬಾತು, ಪಾದ ಊರಲೂ ಆಗದಿದ್ದರೆ ಒಳಗೆ ಕೀವಾಗಿರಬಹುದು. ಕೆಲವೇ ದಿನಗಳಲ್ಲಿ ಅದು ಮೃದ್ವಸ್ಥಿಯನ್ನು ತಿಂದುಹಾಕುತ್ತದೆ. ಸೂಜಿಯಿಂದ ನೀರು ತೆಗೆದು ನೋಡುವುದೇ ಇಲ್ಲಿ ದಾರಿ. ಸವೆತದ ನೀರು ತಿಳಿಹಳದಿ, ಸೋಂಕಿನದು ಕದಡಿದ್ದು. ಗೌಟ್ ಆದರೆ ಸೂಕ್ಷ್ಮದರ್ಶಕದಡಿ ಸೂಜಿಮೊನೆಯಂಥ ಯೂರಿಕ್ ಆಮ್ಲದ ಹರಳುಗಳು ಕಾಣುತ್ತವೆ. ಈ ಪರೀಕ್ಷೆಗೂ ಮುನ್ನ ಹೆಸರಿಲ್ಲದ ನೋವಿನ ಪುಡಿ ನುಂಗುವುದು, ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವುದು ಅಪಾಯ. ನೋವು ಅಡಗುತ್ತದೆ, ಸೋಂಕು ಬೆಳೆಯುತ್ತದೆ.

ಮೊಣಕಾಲು ನೋವೆಂದು ಮಗು ಕುಂಟುತ್ತಿದ್ದು ಅಲ್ಲಿ ಬಾವೂ ಇಲ್ಲ, ಗಾಯವೂ ಇಲ್ಲ ಎಂದಾದರೆ ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಬೇಕು. ಅಲ್ಲಿನ ತೊಂದರೆಯನ್ನು ಮಕ್ಕಳು ಮೊಣಕಾಲು ಮುಟ್ಟಿ ತೋರಿಸುವುದುಂಟು.