ಪಿಎಚ್‌ಪಿಯಲ್ಲಿ ಯುಆರ್‌ಎಲ್ ಮತ್ತು ಕಡತಪಥಗಳ ನಿರ್ವಹಣೆ

ಪಿಎಚ್‌ಪಿ ಭಾಷೆಯಲ್ಲಿ ರಚಿತವಾದ ಜಾಲತಾಣಗಳು ಎರಡು ಬಗೆಯ ವಿಳಾಸಗಳನ್ನು ಬಳಸುತ್ತವೆ. ಬ್ರೌಸರ್ ಕೇಳುವ ಹೊರಗಿನ ವಿಳಾಸ ಯುಆರ್‌ಎಲ್. ಸರ್ವರ್‌ನ ಡಿಸ್ಕಿನಲ್ಲಿ ಕಡತವಿರುವ ಸ್ಥಳವನ್ನು ಸೂಚಿಸುವುದು ಕಡತಪಥ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಯಲ್ಲಿ ಪುಟಕ್ಕೊಂದು ಕಡತವಿಡುವುದು ಬಹುಕಾಲದ ವಾಡಿಕೆಯಾಗಿತ್ತು. ಆದ್ದರಿಂದ ಎರಡೂ ಒಂದೇ ಎಂಬ ಭ್ರಮೆ ಸುಲಭವಾಗಿ ಮೂಡುತ್ತದೆ. ಆದರೆ ಆರಂಭದ ಓರೆಗೆರೆಯು ಯುಆರ್‌ಎಲ್‌ನಲ್ಲಿ ತಾಣದ ಮೂಲವನ್ನೂ, ಲಿನಕ್ಸ್ ಕಡತಪಥದಲ್ಲಿ ಇಡೀ ಡಿಸ್ಕಿನ ಮೂಲವನ್ನೂ ಸೂಚಿಸುತ್ತದೆ.

ಕಡತಪಥ

ಚುಕ್ಕಿಗಳಿಂದ ಆರಂಭವಾಗುವ ಸಾಪೇಕ್ಷ ಪಥವನ್ನು ಪಿಎಚ್‌ಪಿಯು, ಆ ಸಾಲು ಇರುವ ಕಡತದಿಂದಲ್ಲ, ಸದ್ಯದ ಕೆಲಸದ ಫೋಲ್ಡರ್‌ನಿಂದ ಎಣಿಸುತ್ತದೆ. ಬ್ರೌಸರ್ ಮೂಲಕ ಸರಿಯಾಗಿ ನಡೆಯುವ ಕ್ರಮವಿಧಿಯು ಆದೇಶ ಸಾಲಿನಿಂದ ಬೇರೊಂದು ಫೋಲ್ಡರ್‌ನಲ್ಲಿ ನಿಂತು ಓಡಿಸಿದಾಗ ಕೆಡುವುದು ಇದರಿಂದಲೇ. ಬರಿಯ ಹೆಸರನ್ನು ಕೊಟ್ಟರೆ ಮೊದಲು ನಿಗದಿತ ಹುಡುಕುಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ಜಾಲಾಡುವ ಶ್ರಮವೂ ಸೇರುತ್ತದೆ. 5.3ನೆಯ ಆವೃತ್ತಿಯಲ್ಲಿ ಬಂದ ಡಿಐಆರ್ ಎಂಬ ಸ್ಥಿರಾಂಕವು ಆಯಾ ಕಡತವಿರುವ ಫೋಲ್ಡರ್‌ನ ಪೂರ್ಣಪಥವನ್ನು ನೀಡುತ್ತದೆ. ಪಥಗಳನ್ನು ಅದರಿಂದಲೇ ಕಟ್ಟುವುದು ಲೇಸು. ವಿಂಡೋಸ್‌ನಲ್ಲಿಯೂ ಪಿಎಚ್‌ಪಿ ಮುಂದೋರೆಯ ಗೆರೆಯನ್ನು ಒಪ್ಪುವುದರಿಂದ ವಿಭಜಕ ಚಿಹ್ನೆಯ ಬಗೆಗೆ ಹೆಚ್ಚು ಚಿಂತಿಸಬೇಕಿಲ್ಲ.

ಸುರಕ್ಷತೆ

ಯುಆರ್‌ಎಲ್‌ನಲ್ಲಿ ಬಂದ ಹೆಸರನ್ನು ನೇರವಾಗಿ ಕಡತಪಥಕ್ಕೆ ಜೋಡಿಸುವುದು ಅತ್ಯಂತ ಅಪಾಯಕರ. ಎರಡು ಚುಕ್ಕಿ ಮತ್ತು ಓರೆಗೆರೆಯನ್ನು ಮತ್ತೆ ಮತ್ತೆ ಸೇರಿಸಿ ಕಳುಹಿಸಿದವನು ಫೋಲ್ಡರ್‌ನಿಂದ ಫೋಲ್ಡರ್‌ಗೆ ಮೇಲೇರಿ, ಗುಪ್ತಪದಗಳಿರುವ ಸಂರಚನಾ ಕಡತವನ್ನೇ ಓದಬಲ್ಲನು. ಇದು ಪಿಎಚ್‌ಪಿಗಷ್ಟೇ ಅಂಟಿದ ದೋಷವಲ್ಲ. 2021ರ ಅಕ್ಟೋಬರ್‌ನಲ್ಲಿ ಅಪಾಚೆ ಸರ್ವರ್‌ನ 2.4.49ನೆಯ ಆವೃತ್ತಿಯಲ್ಲಿಯೂ ಇಂಥದೇ ಬಿರುಕು ಬಯಲಾಯಿತು; 2.4.50ರ ತಿದ್ದುಪಡಿ ಸಾಲದೆ 2.4.51ನ್ನು ಹೊರತರಬೇಕಾಯಿತು.

ಅನುಮತಿಸಿದ ಹೆಸರುಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡು ಅದರಲ್ಲಿ ಇರುವುದನ್ನಷ್ಟೇ ತೆರೆಯುವುದು ಉತ್ತಮ ಪರಿಹಾರ. ಪಟ್ಟಿ ಸಾಧ್ಯವಿಲ್ಲದಿದ್ದರೆ ರಿಯಲ್‌ಪಾತ್ ಎಂಬ ಕಾರ್ಯವು ಚುಕ್ಕಿಗಳನ್ನೂ ಸಾಂಕೇತಿಕ ಕೊಂಡಿಗಳನ್ನೂ ಬಿಡಿಸಿ ನಿಜವಾದ ಪಥವನ್ನು ಕೊಡುತ್ತದೆ. ಕಡತವೇ ಇಲ್ಲದಿದ್ದರೆ ಅಸತ್ಯ ಎಂಬ ಮೌಲ್ಯವನ್ನು ಹಿಂದಿರುಗಿಸುತ್ತದೆ. ದೊರೆತ ಪಥವು ನಿಗದಿತ ಫೋಲ್ಡರ್‌ನಿಂದ ಆರಂಭವಾಗುವುದೇ ಎಂದು ಹೋಲಿಸುವಾಗ ಕೊನೆಯ ಓರೆಗೆರೆಯನ್ನೂ ಸೇರಿಸಿ ನೋಡಬೇಕು. ಇಲ್ಲವಾದರೆ ‘ಚಿತ್ರ’ಕ್ಕೆ ಕೊಟ್ಟ ಅನುಮತಿಯು ಪಕ್ಕದ ‘ಚಿತ್ರಸಂಗ್ರಹ’ಕ್ಕೂ ಸಂದುಬಿಡುತ್ತದೆ.

ಯುಆರ್‌ಎಲ್

ಇಂದಿನ ಬಹುತೇಕ ಚೌಕಟ್ಟುಗಳಲ್ಲಿ ಎಲ್ಲ ಕೋರಿಕೆಗಳೂ ಒಂದೇ ಪ್ರವೇಶ ಕಡತಕ್ಕೆ ಬರುತ್ತವೆ. ಯಾವ ಯುಆರ್‌ಎಲ್‌ಗೆ ಯಾವ ಕಾರ್ಯ ಎಂಬುದನ್ನು ಅಲ್ಲಿಂದ ನಿರ್ಧರಿಸಲಾಗುತ್ತದೆ. ಉಳಿದ ಕಡತಗಳನ್ನು ಸಾರ್ವಜನಿಕ ಫೋಲ್ಡರ್‌ನ ಹೊರಗಿಡಲು ಇದರಿಂದ ಸಾಧ್ಯವಾಗುತ್ತದೆ. ತಾಣದ ಮೂಲ ವಿಳಾಸವನ್ನು ಸಂರಚನೆಯಲ್ಲಿ ಒಂದೇ ಕಡೆ ಬರೆದಿಡಬೇಕು. ಕೋರಿಕೆಯೊಡನೆ ಬರುವ ಹೋಸ್ಟ್ ಹೆಸರನ್ನು ಕಳುಹಿಸುವವನು ಬದಲಿಸಬಲ್ಲನಾದ್ದರಿಂದ ಅದನ್ನು ನಂಬಲಾಗದು.

ಕನ್ನಡ ಶೀರ್ಷಿಕೆಗಳುಳ್ಳ ತಾಣಗಳಲ್ಲಿ ಸಂಕೇತೀಕರಣ ಅನಿವಾರ್ಯ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್‌ಗಳು ಬೇಕು. ಯುಆರ್‌ಎಲ್‌ನಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಡನೆ 3 ಅಕ್ಷರಗಳಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ವಿರಾಮ ಚಿಹ್ನೆಯೂ ಸೇರಿ 5 ಸಂಕೇತಗಳಿರುವುದರಿಂದ ಅದು 45 ಅಕ್ಷರಗಳಷ್ಟು ಉದ್ದವಾಗುತ್ತದೆ. ಸಂಕೇತೀಕರಣವು ಓರೆಗೆರೆಯನ್ನೂ ಬದಲಿಸುವುದರಿಂದ, ವಿಳಾಸದ ಪ್ರತಿ ಭಾಗವನ್ನೂ ಬೇರೆಬೇರೆಯಾಗಿ ಸಂಕೇತಿಸಿ ಅನಂತರ ಜೋಡಿಸಬೇಕು.