ಹೂವಿನ ದೇಗುಲ: ಬತುಕಮ್ಮನ ಕಲೆ ಮತ್ತು ಆರೋಗ್ಯ

ಕಲ್ಲಿನ ದೇಗುಲಗಳಿಗೆ ಸ್ಥಪತಿಯುಂಟು, ಶಿಲ್ಪಿಯುಂಟು, ಶಾಸನವುಂಟು. ಆದರೆ ಹೆಸರಿಲ್ಲದ ಹಲವು ಕೈಗಳು ಕೂಡಿ, ಒಂದು ಸಂಜೆಯ ಮಟ್ಟಿಗೆ ಹೂವಿನಿಂದಲೇ ಕಟ್ಟುವ ದೇಗುಲವೂ ಉಂಟು. ಅದೇ ತೆಲಂಗಾಣದ ಬತುಕಮ್ಮ. ಮಹಾಲಯ ಅಮಾವಾಸ್ಯೆಯಂದು ಆರಂಭವಾಗಿ ದುರ್ಗಾಷ್ಟಮಿಯ ಸುಮಾರಿಗೆ ಮುಗಿಯುವ ಈ ಒಂಬತ್ತು ದಿನಗಳ ಹಬ್ಬಕ್ಕೆ 2014ರಲ್ಲಿ ರಾಜ್ಯೋತ್ಸವದ ಮನ್ನಣೆ ದೊರೆಯಿತು. ತೆಲುಗಿನ 'ಬತುಕು' ಕನ್ನಡದ 'ಬದುಕೇ' ಆಗಿದೆ. ಬೀದರ, ಕಲಬುರಗಿ, ರಾಯಚೂರು ಸೀಮೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುದರಿಂದ, ಕಾಚಿಗೂಡದ ಕನ್ನಡ ಮನೆತನಗಳಿಗೆ ಈ ಹಬ್ಬ ಪರಕೀಯವಲ್ಲ. ಒಳಗೆ ಗೊಂಬೆಗಳ ಸಾಲು, ಹೊರಗೆ ಹೂವಿನ ಗೋಪುರ: ಎರಡೂ ನವರಾತ್ರಿಯ ಸಂಭ್ರಮಗಳೇ.

ಇದರ ನಿರ್ಮಾಣಕ್ರಮ ಸರಳವಾದರೂ ಸಹನೆಯನ್ನು ಬೇಡುವಂಥದು. ಹಿತ್ತಾಳೆಯ ಹರಿವಾಣದ ಮೇಲೆ ಕುಂಬಳದ ಎಲೆಗಳನ್ನು ಹಾಸಿ, ಹೂಗಳನ್ನು ಸುತ್ತುಸುತ್ತಾಗಿ ಜೋಡಿಸುತ್ತಾರೆ, ತೊಟ್ಟುಗಳು ಒಳಮುಖವಾಗಿರುತ್ತವೆ. ನಡುವಣ ಟೊಳ್ಳನ್ನು ಎಲೆಚೂರುಗಳಿಂದ ತುಂಬುತ್ತಾ ಹೋದಂತೆ ಸುತ್ತುಗಳು ಕಿರಿದಾಗಿ ಗೋಪುರ ಏಳುತ್ತದೆ. ಗುನುಗು, ಅಂದರೆ ಅಣ್ಣೆಸೊಪ್ಪಿನ ತೆನೆಹೂವು, ತಂಗಡಿ ಅಥವಾ ಆವರಿಕೆ, ಚೆಂಡುಹೂವು, ಕುಂಬಳದ ಹೂವು ಇದರ ಇಟ್ಟಿಗೆಗಳು. ಬಯಲಿನಲ್ಲಿ ತಾವಾಗಿಯೇ ಬೆಳೆಯುವ ಗುನುಗು, ತಂಗಡಿಗಳೇ ಇಲ್ಲಿ ಮುಖ್ಯ. ಶಿಖರದಲ್ಲಿ ಅರಿಸಿನದ ಮುದ್ದೆಯ ಗೌರಮ್ಮ ನೆಲೆಸುತ್ತಾಳೆ. ಅಜ್ಜಿ ಕುಳಿತು ಹೇಳುತ್ತಾಳೆ, ಸೊಸೆ ಜೋಡಿಸುತ್ತಾಳೆ, ಮೊಮ್ಮಗಳು ತೊಟ್ಟು ಕತ್ತರಿಸುತ್ತಾಳೆ. ಸಂಜೆ ಅಂಗಳದಲ್ಲಿ ಬತುಕಮ್ಮಗಳನ್ನಿಟ್ಟು, ಸುತ್ತಲೂ ಚಪ್ಪಾಳೆಯಿಕ್ಕಿ ಹಾಡಿದೊಡನೆ ಆ ನೆಲವೇ ಗುಡಿಯ ಪ್ರಾಕಾರವಾಗುತ್ತದೆ. ಕೊನೆಗೆ ಅದು ನೀರಿಗೆ ಸೇರುತ್ತದೆ.

ಆರೋಗ್ಯದ ದೃಷ್ಟಿಯಿಂದಲೂ ಈ ಆಚರಣೆ ಗಮನಾರ್ಹ. ತಾಳಬದ್ಧವಾಗಿ ಸುತ್ತುವುದು ವಯಸ್ಸಾದವರಿಗೂ ಸಾಧ್ಯವಾದ ಹಗುರ ವ್ಯಾಯಾಮ. ಕೂಡಿ ಹಾಡುವುದು ಒಂಟಿತನಕ್ಕೆ ಮದ್ದು. ನೈವೇದ್ಯದಲ್ಲಿ ಎಳ್ಳಿನಿಂದ ಸುಣ್ಣಾಂಶ, ಕಡಲೆಕಾಯಿಯಿಂದ ಸಸಾರಜನಕ, ಜೋಳ ಸಜ್ಜೆಗಳಿಂದ ನಾರು ದೊರೆಯುತ್ತವೆ. ರೊಟ್ಟಿಗೆ ಬೆಲ್ಲ ಬೆರೆಸಿದ ಮಲೀದ ಉತ್ತರ ಕರ್ನಾಟಕದ ಮಾದಲಿಯ ಸೋದರಿಯೇ ಸರಿ; ಆದರೆ ಮಧುಮೇಹಿಗಳು ಬೆಲ್ಲದಲ್ಲಿ ಮಿತಿ ಪಾಲಿಸಬೇಕು. ಆವರಿಕೆಗೆ ಮನೆಮದ್ದಿನಲ್ಲಿ ಹೆಸರಿದೆಯೆಂದು ವೈದ್ಯರು ಕೊಟ್ಟ ಔಷಧವನ್ನು ಬಿಡುವುದು ಅಪಾಯಕರ. ಉಬ್ಬಸವಿರುವವರು ಹೂ ಬಿಡಿಸುವ ಕೆಲಸದಿಂದ ದೂರವಿರುವುದು ಲೇಸು.

ಈ ಹೂಗಳು ಕೆರೆಯನ್ನು ಶುದ್ಧಗೊಳಿಸುತ್ತವೆಂಬ ನಂಬಿಕೆ ಬಹುಕಾಲದ್ದು. ತುಂಬಿ ಹರಿಯುವ ಹಳ್ಳಿಯ ಕೆರೆಗೆ ನಾಲ್ಕು ಹರಿವಾಣದ ಹೂವು ಭಾರವಲ್ಲ. ಆದರೆ ನಿಂತ ನೀರಿಗೆ ಸಾವಿರಾರು ಗೋಪುರಗಳು ಬಿದ್ದರೆ, ಕೊಳೆಯುವ ಹೂವು ನೀರಿನ ಆಮ್ಲಜನಕವನ್ನು ಹೀರಿ ಮೀನುಗಳ ಉಸಿರು ಕಟ್ಟಿಸಬಲ್ಲದು. ಗುನುಗಿಗೆ ಬಳಿಯುವ ಕೃತಕ ಬಣ್ಣ, ಒಳಗೆ ತುರುಕುವ ಥರ್ಮೋಕೋಲುಗಳಿಂದ ಕೇಡು ಇಮ್ಮಡಿಯಾಗುತ್ತದೆ. ಬದುಕಿನ ಹೆಸರಿನ ತಾಯಿಯನ್ನು ಕಳುಹಿಸುವ ನೀರೇ ನಿರ್ಜೀವವಾದರೆ ಆರಾಧನೆಗೆ ಅರ್ಥವೇನು?

ಪರಿಹಾರ ಕೈಯಳತೆಯಲ್ಲಿಯೇ ಇದೆ. ಗುನುಗನ್ನು ಅದರ ಸಹಜ ಬಣ್ಣದಲ್ಲೇ ಬಳಸಬೇಕು. ಬೇಕಾದರೆ ಅರಿಸಿನದ ನೀರಿನಲ್ಲಿ ಅದ್ದಬಹುದು. ತೊಟ್ಟಿಯಲ್ಲಿ ವಿಸರ್ಜಿಸಿ, ಹೂವನ್ನು ಗೊಬ್ಬರವಾಗಿಸಿ ಗಿಡಗಳಿಗೆ ಹಾಕಬಹುದು. ಗೋಪುರ ಚಿಕ್ಕದಾದರೆ ಭಕ್ತಿ ಕುಂದದು. ಒಂದು ಸಂಜೆ ನಿಂತು ಕರಗುವ ಈ ದೇಗುಲ ಮುಂದಿನ ವರ್ಷ ಮತ್ತೆ ಏಳಬೇಕಾದರೆ, ಹೂ ಕೊಡುವ ಬಯಲೂ ಹೂ ಪಡೆಯುವ ನೀರೂ ಉಳಿದಿರಬೇಕು. ಅವನ್ನು ಉಳಿಸುವುದು ಹಾಡುವವರೆಲ್ಲರ ಹೊಣೆ.