ದಸರೆಗೆ ಬಿತ್ತಿ, ಸಂಕ್ರಾಂತಿಗೆ ಕೀಳುವ ಕ್ಯಾರೆಟ್

ಮೈಸೂರಿನಲ್ಲಿ ಜಂಬೂಸವಾರಿ ಮುಗಿದು ಮಳೆ ಒಂದಿಷ್ಟು ಬಿಡುವು ಕೊಡುವ ಹೊತ್ತಿಗೆ ಹಿತ್ತಲಿನ ಮಡಿ ಸಿದ್ಧವಾಗಿರಬೇಕು. ನಮ್ಮ ಕೆಂಪುಮಣ್ಣು ಬದನೆಗೆ, ಅವರೆಗೆ ಒಗ್ಗಿದಷ್ಟು ಸಲೀಸಾಗಿ ಕ್ಯಾರೆಟ್‌ಗೆ ಒಗ್ಗುವುದಿಲ್ಲ. ಗುದ್ದಲಿ ಹಿಡಿದು ಒಂದಡಿ ಆಳ ಅಗೆಯಬೇಕು. ಹೆಂಟೆ ಒಡೆದು, ಸಣ್ಣ ಕಲ್ಲು, ಹಳೆಯ ಬೇರುಗಳನ್ನೆಲ್ಲ ಕೈಯಾರೆ ಆರಿಸಿ, ಒಂದೆರಡು ಬುಟ್ಟಿ ಮರಳು ಬೆರೆಸಬೇಕು. ಕೊಟ್ಟಿಗೆ ಗೊಬ್ಬರ ಹಾಕುವುದಾದರೆ ಚೆನ್ನಾಗಿ ಕಳಿತು ಪುಡಿಯಾದದ್ದೇ ಆಗಬೇಕು. ಹಸಿ ಗೊಬ್ಬರ ಬಿದ್ದರೆ ಗೆಡ್ಡೆ ಕವಲೊಡೆಯುತ್ತದೆ.

ಇಷ್ಟು ಕಷ್ಟ ಏಕೆಂದರೆ, ಕ್ಯಾರೆಟ್ ಮೊದಲು ಇಳಿಯುತ್ತದೆ, ಆಮೇಲೆ ದಪ್ಪವಾಗುತ್ತದೆ. ಮೊಳೆತ ಮೊದಮೊದಲ ವಾರಗಳಲ್ಲೇ ದಾರದಷ್ಟು ಸಣ್ಣ ತಾಯಿಬೇರು ನೆಟ್ಟಗೆ ಕೆಳಗಿಳಿದುಬಿಡುತ್ತದೆ. ಆಗ ಅದರ ತುದಿಗೆ ಕಲ್ಲು ಸಿಕ್ಕಿತೋ, ಗೆಡ್ಡೆ ಎರಡು ಕಾಲಿನದಾಯಿತು. ಟೊಮೆಟೊದಂತೆ ಸಸಿ ಮಾಡಿ ಕಿತ್ತು ನೆಡಲು ಬಾರದಿರುವುದೂ ಇದಕ್ಕೇ. ಬಿತ್ತಿದ ಜಾಗದಲ್ಲೇ ಬೆಳೆಯಬೇಕು.

ಬೀಜವೋ, ಊದಿದರೆ ಹಾರುವಷ್ಟು ಹಗುರ. ಒಣಮರಳಿನ ಜೊತೆ ಕಲೆಸಿ, ಬೆರಳಲ್ಲಿ ಗೀರಿದ ಸಾಲಿನಲ್ಲಿ ಉದುರಿಸಿ, ಅರ್ಧ ಇಂಚೂ ಮೀರದಂತೆ ಮಣ್ಣು ಮುಚ್ಚುತ್ತಾರೆ. ಮೊಳೆಯಲು ಎರಡು ವಾರವೂ ಹಿಡಿದೀತು. ಅಷ್ಟೂ ದಿನ ಮೇಲ್ಮಣ್ಣು ಒಣಗಿ ಹೆಕ್ಕಳಗಟ್ಟಬಾರದು, ಮಳೆ ರಭಸಕ್ಕೆ ಬೀಜ ಕೊಚ್ಚಿ ಹೋಗಲೂಬಾರದು. ಒದ್ದೆ ಗೋಣಿತಾಟು ಹೊದಿಸಿ, ಮೊಳಕೆ ಕಂಡ ದಿನವೇ ತೆಗೆಯುವುದು ಇದಕ್ಕೆ ಒಳ್ಳೆಯ ಉಪಾಯ. ನಡುನಡುವೆ ನಾಲ್ಕು ಮೂಲಂಗಿ ಬೀಜ ಉದುರಿಸಿದರೆ ಅವು ವಾರದೊಳಗೇ ಎದ್ದು ಸಾಲು ಎಲ್ಲಿದೆಯೆಂದು ತೋರಿಸಿಕೊಡುತ್ತವೆ.

ಮೊದಲು ಏಳುವುದು ಹುಲ್ಲೆಸಳಿನಂಥ ಎರಡೇ ಎಲೆ.

"ಅಜ್ಜಿ, ಬರೀ ಹುಲ್ಲು ಬಂದಿದೆ, ಕಿತ್ತುಬಿಡ್ಲಾ?"

"ಅಯ್ಯೋ ಬೇಡ ಕಂದ, ಅದೇ ಕ್ಯಾರೆಟ್ಟು. ಇನ್ನೊಂದೆಲೆ ಬರ್ಲಿ, ನೋಡ್ತಿರು."

ಆ ಇನ್ನೊಂದೆಲೆ ಬಂದಾಗ ಸಂದೇಹವೇ ಉಳಿಯುವುದಿಲ್ಲ. ಅಂಚೆಲ್ಲ ಸೀಳುಸೀಳಾದ ಹಸಿರು; ಕೊತ್ತಂಬರಿ, ಸಬ್ಬಸಿಗೆ, ಜೀರಿಗೆಯೆಲ್ಲ ಇದರ ಕುಟುಂಬದವೇ. ಬೆರಳಲ್ಲಿ ಉಜ್ಜಿದರೆ ಘಮದಲ್ಲೇ ನೆಂಟಸ್ತಿಕೆ ತಿಳಿಯುತ್ತದೆ. ಈಗ ಒತ್ತಾದವನ್ನು ಕಿತ್ತು ಗಿಡಕ್ಕೆ ಗಿಡ ಎರಡು ಇಂಚು ಬಿಡಿಸಬೇಕು. ಕೀಳಲು ಮನಸ್ಸು ಬಾರದವರ ಮಡಿಯಲ್ಲಿ ಸೊಪ್ಪು ಮಾತ್ರ ಹುಲುಸಾಗುತ್ತದೆ.

ಡಿಸೆಂಬರಿನ ಚಳಿ ಕ್ಯಾರೆಟ್‌ಗೆ ಬಣ್ಣವನ್ನೂ ಸಿಹಿಯನ್ನೂ ಕೊಡುವ ಕಾಲ. ಗೆಡ್ಡೆಯ ಭುಜ ಮಣ್ಣಿನಿಂದ ಮೇಲೆ ಇಣುಕಿದಾಗ ಬಿಸಿಲು ಬಿದ್ದು ಹಸಿರಾಗದಂತೆ ಮಣ್ಣೇರಿಸಬೇಕು. ನೀರು ಹದವಾಗಿರಲಿ, ಒಣಗಿಸಿ ಒಮ್ಮೆಲೇ ಸುರಿದರೆ ಗೆಡ್ಡೆ ಉದ್ದಕ್ಕೂ ಸೀಳುತ್ತದೆ.

ಬಿತ್ತಿ ಸುಮಾರು 90 ದಿನಕ್ಕೆ ಸಂಕ್ರಾಂತಿ ಬಂದಿರುತ್ತದೆ. ಹಿಂದಿನ ಸಂಜೆ ನೀರು ಹಾಯಿಸಿ, ಬೆಳಿಗ್ಗೆ ಸೊಪ್ಪಿನ ಬುಡ ಹಿಡಿದು, ಕೊಂಚ ತಿರುಚಿ ಎಳೆಯಿರಿ. ಮಣ್ಣು ಒಂದು ಕ್ಷಣ ಬಿಗಿಹಿಡಿದು ಬಿಟ್ಟುಕೊಡುತ್ತದೆ. ಮೈತುಂಬ ಕೂದಲೆಳೆಯ ಬೇರು, ಅದಕ್ಕಂಟಿದ ತೇವದ ಮಣ್ಣು, ಅದನ್ನು ಒರೆಸಿದ ಕಡೆಯೆಲ್ಲ ಹೊಳೆಯುವ ಕಿತ್ತಳೆ. ಸೊಪ್ಪನ್ನು ಅಲ್ಲೇ ಮುರಿಯಬೇಕು, ಇಲ್ಲದಿದ್ದರೆ ಗೆಡ್ಡೆಯ ನೀರನ್ನೆಲ್ಲ ಎಳೆದು ಬಾಡಿಸುತ್ತದೆ. ಆಗಷ್ಟೇ ಕಿತ್ತದ್ದನ್ನು ತುರಿದು, ನೆನೆಸಿದ ಹೆಸರುಬೇಳೆ, ಕಾಯಿತುರಿ, ನಿಂಬೆರಸ ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟ ಕೋಸಂಬರಿಯ ರುಚಿ ಮಾರುಕಟ್ಟೆಯ ಕ್ಯಾರೆಟ್‌ಗೆ ಬರುವುದೇ ಇಲ್ಲ.

ಹಿತ್ತಲಿಲ್ಲದವರು ತಾರಸಿಯ ಮೇಲೆ ಒಂದಡಿ ಆಳದ ಚೀಲದಲ್ಲೂ ಬೆಳೆಯಬಹುದು. ನಮ್ಮ ಸೆಕೆಯನ್ನು ಕುರೋಡ ತಳಿ ಚೆನ್ನಾಗಿ ತಡೆಯುತ್ತದೆ. ಹಳೆಯ ಬೀಜ ಸರಿಯಾಗಿ ಮೊಳೆಯದು. ಪೊಟ್ಟಣದ ಮೇಲಿನ ತಾರೀಖು ನೋಡಿ ಕೊಳ್ಳಿ, ಈ ದಸರೆಗೆ ಒಂದು ಸಾಲಾದರೂ ಬಿತ್ತಿ.